ಪಕ್ಕದ ಸೀಟಿನಲ್ಲಿ ಯಾರೂ ಇರಬಾರದು

ಪಕ್ಕದ ಮನೆಯ ರಾಜಣ್ಣ ಬೆಳಿಗ್ಗೆಯಿಂದ ಕಳೆ ಹೊಡೆಯುವ ಯಂತ್ರದ ಹಗ್ಗ ಎಳೆಯುತ್ತಿದ್ದಾನೆ. ಅವನು ಎಳೆಯುತ್ತಾನೆ, ಅದು ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಯಂತ್ರಕ್ಕೆ ಸಲ್ಲಬೇಕಾದ ಬೈಗುಳವನ್ನು ಸಲ್ಲಿಸಿ ಮತ್ತೆ ಎಳೆಯುತ್ತಾನೆ. ಕಡೆಗೂ ಅದು ಹೊತ್ತಿಕೊಂಡಿತು. ಪೆಟ್ರೋಲಿಗೆ ಆಯಿಲ್ ಬೆರೆಸಿದ ಆ ಹೊಗೆಯ ವಾಸನೆ ಬೇಲಿ ದಾಟಿ ನಾನು ಕಾಫಿ ಕುಡಿಯುತ್ತಿದ್ದ ಜಗಲಿಯವರೆಗೂ ಬಂತು. ಮಲ್ಲಿಗೆಯ ವಾಸನೆಗೆ ಹಳೆಯ ಪ್ರೇಮ ನೆನಪಾಗುವವರು ಇರಬಹುದು, ಅವರು ಪುಣ್ಯವಂತರು. ನನಗೆ ಈ ಹೊಗೆಯ ವಾಸನೆಗೆ ವಿಮಾನ ನೆನಪಾಗುತ್ತದೆ. ನಗಬೇಡಿ, ನಾನು ಒಂದು ಕಾಲದಲ್ಲಿ ಪೈಲಟ್ ಆಗಲು ಹೊರಟವನು.

ಪೈಲಟ್ ಅಂದ ಕೂಡಲೇ ಟೈ ಕಟ್ಟಿ, ಚಕ್ರದ ಪೆಟ್ಟಿಗೆ ಎಳೆದುಕೊಂಡು, ಹಿಂದೆ ಮುಂದೆ ಗಗನಸಖಿಯರನ್ನು ಇಟ್ಟುಕೊಂಡು ನಡೆಯುವವನನ್ನು ಕಲ್ಪಿಸಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಇಬ್ಬರು ಕೂರುವ ಪುಟಾಣಿ ವಿಮಾನದ ಮಾತು. ಅಲ್ಯೂಮಿನಿಯಂ ಕೊಳವೆಗಳಿಗೆ ಬಟ್ಟೆ ಹೊದಿಸಿ ಮಾಡಿದ್ದು. ಕೊಡೆ ರಿಪೇರಿಯವನೊಬ್ಬ ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೂತು ಕಟ್ಟಿದ ಹಾಗೆ ಕಾಣುತ್ತಿತ್ತು. ಅದರ ಎಂಜಿನ್ನಿನ ಸದ್ದಂತೂ ರಾಜಣ್ಣನ ಯಂತ್ರದ ಅಣ್ಣನದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಬಿಡಿಭಾಗ ತರಲು ಮಲೆನಾಡು ದಾಟಿ ಬಯಲುಸೀಮೆಯ ಪಟ್ಟಣವೊಂದಕ್ಕೆ ಹೋಗಿದ್ದಾಗ ತಲೆಯ ಮೇಲೆ ನನ್ನ ಅಂಗಡಿಯದೇ ಸದ್ದು ಕೇಳಿತು. ಕತ್ತೆತ್ತಿ ನೋಡಿದರೆ ಆ ಕೊಡೆ ಹಾರುತ್ತಿದೆ! ಬಿಡಿಭಾಗ ಮರೆತು, ಒಂದು ಆಟೋ ಹಿಡಿದು, ಅದು ಇಳಿದ ಮೈದಾನವನ್ನು ಹುಡುಕಿಕೊಂಡು ಹೋದೆ. ಅದೊಂದು ಸಣ್ಣ ಹಾರಾಟದ ಶಾಲೆ. ತಗಡಿನ ಶೆಡ್ಡು, ಒಂದು ಮಣ್ಣಿನ ರಸ್ತೆ, ಕಂಬದ ಮೇಲೆ ಗಾಳಿ ನೋಡುವ ಬಟ್ಟೆಯ ಚೀಲ, ವಾಯುಪಡೆಯಿಂದ ನಿವೃತ್ತರಾದ ಒಬ್ಬ ಮೀಸೆಯ ಗುರುಗಳು. ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ನಾನೂ ಹಾಗೇ ಎಂದೆ. 'ಯಾರು ಬೇಕಾದ್ರೂ ಕಲೀಬಹುದಾ ಸಾರ್?' ಎಂದು ಕೇಳಿದೆ. 'ಹೊಟ್ಟೆ ಒಳಗೆ ಎಳ್ಕೊಂಡ್ರೆ ಕಲೀಬಹುದು' ಎಂದರು.

ಊರಿಗೆ ಬಂದು ಹೇಳಿದಾಗ ನನ್ನ ಹೆಂಡತಿ ಸುಮಿತ್ರ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. 'ಮನೆ ಮಿಕ್ಸಿ ಕೆಟ್ಟು ಕೂತಿದೆ. ಮೊದ್ಲು ಅದನ್ನ ರಿಪೇರಿ ಮಾಡಿ. ಆಮೇಲೆ ಚಂದ್ರಲೋಕಕ್ಕೆ ಬೇಕಾದ್ರೂ ಹೋಗಿ' ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟರು ಗಂಭೀರವಾಗಿ ವಿಚಾರಿಸಿದರು. 'ಅಲ್ಲ ಮಾರಾಯ, ಕಲ್ತು ಎಲ್ಲಿ ಇಳಿಸ್ತೀಯ? ಇಲ್ಲಿ ಬಸ್ ನಿಲ್ಸಕ್ಕೇ ಜಾಗ ಇಲ್ಲ.' ಅಪ್ಪಯ್ಯನ ಮಾತು ಮಾತ್ರ ಸ್ವಲ್ಪ ಚುಚ್ಚಿತು. 'ಆಕಾಶಕ್ಕೆ ಏಣಿ ಹಾಕಕ್ಕೆ ಹೊರಟಿದಾನೆ. ಕಣ್ಣೆದುರಿರೋ ಕಾಫಿ ಗಿಡದಲ್ಲಿ ಹಣ್ಣು ಯಾವ್ದು, ಕಾಯಿ ಯಾವ್ದು ಗೊತ್ತಾಗದಿಲ್ಲ ಇವನಿಗೆ!'

ಅಮ್ಮ ಒಬ್ಬಳೇ ಬೈಯಲಿಲ್ಲ. ವಿದ್ಯೆ ಅಂದಮೇಲೆ ಎಲ್ಲ ವಿದ್ಯೆಯೂ ಶಾರದೆಯದೇ ಅಲ್ಲವೇ ಎಂದು ನನ್ನನ್ನೂ, ಸಾರ್ ಕೊಟ್ಟ ಹವಾಮಾನದ ಪುಸ್ತಕವನ್ನೂ ಹೊರಡಿಸಿಕೊಂಡು ಶೃಂಗೇರಿಗೆ ಬಂದಳು. ಅಲ್ಲಿ ಅಕ್ಷರಾಭ್ಯಾಸಕ್ಕೆ ಬಂದ ಮಕ್ಕಳ ಸಾಲು. ಅಮ್ಮ ಆ ಸಾಲಿನಲ್ಲೇ ನಿಂತಳು. 'ಮಗು ಎಲ್ಲಿ?' ಎಂದು ಭಟ್ಟರು ಕೇಳಿದರು. ಅಮ್ಮ ನನ್ನ ಮೊಣಕೈ ಹಿಡಿದು ಮುಂದೆ ತಳ್ಳಿದಳು. ಭಟ್ಟರು ನನ್ನ ಮೀಸೆ ನೋಡಿದರು, ತಲೆಯ ನಡುವೆ ಆಗಲೇ ಬಯಲಾಗುತ್ತಿದ್ದ ಜಾಗ ನೋಡಿದರು, ಪುಸ್ತಕ ಇಸಿದುಕೊಂಡು ಪ್ರಸಾದದ ಹೂವಿಟ್ಟು ಕೊಟ್ಟರು. ಹಿಂದೆ ನಿಂತಿದ್ದ ಒಂದು ಕೂಸು ನನ್ನನ್ನು ನೋಡಿ ಅಳುವುದನ್ನೇ ನಿಲ್ಲಿಸಿತು.

ಹಾರುವುದು ಎಂದರೆ ಹಾರುವುದು ಎಂದುಕೊಂಡಿದ್ದೆ. ಅದು ಮುಖ್ಯವಾಗಿ ಕಾಯುವುದು. ಸಣ್ಣ ವಿಮಾನಕ್ಕೆ ಗಾಳಿ ಜಾಸ್ತಿಯಾದರೆ ಆಗದು, ಮೋಡ ಕೆಳಗಿಳಿದರೆ ಆಗದು, ಬಿಸಿಲೇರಿ ನೆಲ ಕಾದರೆ ಆಗದು. ಮನೆಗೆ ಬಂದ ಹೊಸ ಸೊಸೆಗೂ ಅಷ್ಟು ನಾಜೂಕಿರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿನ ಬಾಗಿಲು ತೆಗೆದು, ವಿಮಾನವನ್ನು ಕೈಯಲ್ಲಿ ತಳ್ಳಿ ಹೊರಗೆ ತಂದು, ರೆಕ್ಕೆಗೆ ಅಂಟಿದ ಹುಳುಹುಪ್ಪಟೆ ಒರೆಸಿ, ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿ, ಆಮೇಲೆ ಎಲ್ಲರೂ ಸಾಲಾಗಿ ಕೂತು ಆ ಬಟ್ಟೆಯ ಚೀಲ ಅಲ್ಲಾಡುವುದನ್ನು ನೋಡುವುದು. ನಂತರ ಸಾರ್ ಎದ್ದು 'ಇವತ್ತು ಬೇಡ' ಎನ್ನುವುದು. ಮತ್ತೆ ತಳ್ಳಿಕೊಂಡು ಒಳಗೆ. ವಾರದ ಕೊನೆಗೆ ಮಲೆನಾಡಿನ ತಿರುವುಗಳಲ್ಲಿ ಕುಲುಕಿಕೊಂಡು ಬಂದವನಿಗೆ ಹಲವು ಸಲ ಸಿಕ್ಕ ವಿಮಾನಯಾನ ಇಷ್ಟೇ.

ಹಾರಿದಾಗಲೂ ಮಾನ ಉಳಿಯಲಿಲ್ಲ ಎನ್ನಿ. ಜೀಪು ಓಡಿಸಿದ ಕೈ ನನ್ನದು. ನೆಲದ ಮೇಲೆ ವಿಮಾನವನ್ನು ತಿರುಗಿಸುವುದು ಕಾಲಿನ ಪೆಡಲಿನಲ್ಲಿ, ಕೈಗೆ ಅಲ್ಲಿ ಕೆಲಸವೇ ಇಲ್ಲ. ಇದನ್ನು ನನ್ನ ಕೈಗೆ ತಿಳಿಸಿ ಹೇಳುವಷ್ಟರಲ್ಲಿ ವಿಮಾನ ಹುಲ್ಲಿಗೆ ಇಳಿದಿರುತ್ತಿತ್ತು. ಇಳಿಯಲು ತಿರುವು ತೆಗೆದುಕೊಳ್ಳುವಾಗ ನನ್ನ ಹೆಬ್ಬೆರಳು ಹಾರ್ನ್ ಹುಡುಕುತ್ತಿತ್ತು. ಕುರುಡು ತಿರುವಿನಲ್ಲಿ ಹಾರ್ನ್ ಹೊಡೆಯದೆ ತಿರುಗಿಸಿದ್ದು ನಮ್ಮ ಕಡೆ ಯಾರಿದ್ದಾರೆ? 'ಇಲ್ಲಿ ಎದುರಿಗೆ ಬರೋದು ಹದ್ದು ಮಾತ್ರ. ಅದಕ್ಕೆ ಕಿವಿ ಕೇಳಿಸಿದ್ರೂ ನಿಮಗೆ ಸೈಡ್ ಕೊಡಲ್ಲ' ಎಂದರು ಸಾರ್.

ಎಲ್ಲಕ್ಕಿಂತ ಕಷ್ಟ ನೆಲ ಮುಟ್ಟುವುದು. ನೆಲ ಹತ್ತಿರ ಬಂದಾಗ ಇಳಿಸಬೇಕು ಅಂತ ನೀವೂ ಅಂದುಕೊಳ್ಳುತ್ತೀರಿ, ನಾನೂ ಅಂದುಕೊಂಡಿದ್ದೆ. ಇಳಿಸಬಾರದು. ಇನ್ನೊಂದು ಚೂರು ಹಾರು, ಇನ್ನೊಂದು ಚೂರು ಹಾರು ಎಂದು ಅದನ್ನು ಪುಸಲಾಯಿಸುತ್ತಲೇ ಇರಬೇಕು. ಸಾಕಾಗಿ ಅದೇ ಕೂತುಕೊಳ್ಳುತ್ತದೆ. ನಾನು ಮೊದಮೊದಲು ಕೂರಿಸಿದ್ದಲ್ಲ, ಎತ್ತಿ ಹಾಕಿದ್ದು. ಸಾರ್ ತಮ್ಮ ಸೊಂಟ ಹಿಡಿದುಕೊಂಡು ಇಳಿದು, 'ಇದು ಲ್ಯಾಂಡಿಂಗ್ ಅಲ್ಲ ಕಣ್ರೀ, ಮೂಟೆ ಇಳಿಸಿದ್ದು' ಎನ್ನುತ್ತಿದ್ದರು.

ಇಷ್ಟೆಲ್ಲ ಯಾಕೆ ಸಹಿಸಿಕೊಂಡೆ ಅಂತ ನೀವು ಕೇಳಬೇಕು. ಒಂದೇ ಒಂದು ಕಾರಣಕ್ಕೆ. ಕಲಿಕೆ ಒಂದು ಹದಕ್ಕೆ ಬಂದ ಮೇಲೆ ಗುರು ಒಂದು ಬೆಳಿಗ್ಗೆ ಮುನ್ಸೂಚನೆಯೇ ಇಲ್ಲದೆ ಬೆಲ್ಟ್ ಬಿಚ್ಚಿ ಕೆಳಗಿಳಿದು, 'ಹೋಗಿ ಬನ್ನಿ' ಎನ್ನುತ್ತಾರಂತೆ. ಶಿಷ್ಯ ಒಬ್ಬನೇ ಏರಿ, ಒಂದು ಸುತ್ತು ಹಾಕಿ, ಒಬ್ಬನೇ ಇಳಿಯಬೇಕು. ಪಕ್ಕದ ಸೀಟು ಖಾಲಿ. ಆ ಖಾಲಿ ಸೀಟಿನ ಮೇಲೆ ನನಗೆ ಹುಚ್ಚು ಹಿಡಿದಿತ್ತು. ನಮ್ಮ ಊರಿನಲ್ಲಿ ಖಾಲಿ ಸೀಟು ಎಂಬುದು ನಾನು ಕಂಡ ವಸ್ತುವಲ್ಲ. ಒಬ್ಬನೇ ಜೀಪು ತೆಗೆದರೆ ಗೇಟು ದಾಟುವುದರೊಳಗೆ ಯಾರೋ ಕೈ ಅಡ್ಡ ಹಾಕಿ ಹತ್ತಿರುತ್ತಾರೆ. ಹತ್ತಿದವರು ಎಲ್ಲಿಗೆ, ಎಂತಕ್ಕೆ, ಯಾರ ಹತ್ತಿರ ಎಂದು ಕೇಳಿ, ನಾನು ಹೋಗುತ್ತಿರುವ ಕೆಲಸ ಯಾಕೆ ಆಗುವುದಿಲ್ಲ ಎಂಬುದನ್ನು ವಿವರಿಸಿ, ಗೇರು ಯಾವಾಗ ಬದಲಿಸಬೇಕೆಂದೂ ಹೇಳಿಕೊಟ್ಟು ಇಳಿಯುತ್ತಾರೆ. ಮೂವತ್ತು ದಾಟಿದ್ದರೂ ನಾನು ಯಾರ ಸಲಹೆಯೂ ಇಲ್ಲದೆ ಮಾಡಿದ ಒಂದು ಕೆಲಸ ಇರಲಿಲ್ಲ. ಒಮ್ಮೆ, ಒಂದೇ ಒಂದು ಸುತ್ತು, ಯಾರೂ ಕೈ ಅಡ್ಡ ಹಾಕಲಾಗದ ಜಾಗದಲ್ಲಿ ಒಬ್ಬನೇ ಇರಬೇಕು. ಲೈಸೆನ್ಸು ಆಮೇಲಿನ ಮಾತು. ನನಗೆ ಬೇಕಾಗಿದ್ದುದು ಆ ಒಂದು ಸುತ್ತು.

ಅಪ್ಪಯ್ಯ ಹೇಳಿದ ಕಾಫಿ ಹಣ್ಣಿನ ಮಾತಿಗೆ ಸ್ವಲ್ಪ ಬರುತ್ತೇನೆ. ಕಾಫಿ ಕೊಯ್ಯುವಾಗ ಕೆಂಪಗಾದ ಹಣ್ಣನ್ನು ಮಾತ್ರ ಬಿಡಿಸಬೇಕು, ಹಸಿರು ಕಾಯನ್ನು ಗಿಡದಲ್ಲೇ ಬಿಡಬೇಕು. ಎಲ್ಲರೂ ಸರಸರನೆ ಮಾಡುವ ಈ ಕೆಲಸ ನನಗೆ ಚಿಕ್ಕಂದಿನಿಂದ ಬ್ರಹ್ಮವಿದ್ಯೆ. ನಾನು ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡುತ್ತಿದ್ದೆ. ಮೆತ್ತಗಿದ್ದರೆ ಹಣ್ಣು, ಗಟ್ಟಿಯಿದ್ದರೆ ಕಾಯಿ. ಉಳಿದವರು ಒಂದು ಸಾಲು ಮುಗಿಸುವಾಗ ನಾನು ಮೊದಲನೇ ಗಿಡಕ್ಕೆ ಕೈಕುಲುಕುತ್ತಾ ನಿಂತಿರುತ್ತಿದ್ದೆ. ಅವಸರ ಮಾಡಿದರೆ ಬುಟ್ಟಿ ತುಂಬ ಕಾಯಿ.

ನನ್ನ ಹಾಗೆ ಒತ್ತಿ ನೋಡುವವರು ಇನ್ನೊಬ್ಬರಿದ್ದರು. ಸೀತೂರಿನ ಸೀನ ಮಾವ, ಅಮ್ಮನ ಅಣ್ಣ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವರು. ಕೊಯ್ಲಿಗೆ ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತಿದ್ದರು, ಪ್ರತಿ ವರ್ಷ ಬೈಸಿಕೊಂಡು ಹೋಗುತ್ತಿದ್ದರು. ಅವರನ್ನು ಎರಡು ತಾಲೂಕಿನಲ್ಲೂ ಮಂಕು ಸೀನ ಎಂದೇ ಕರೆಯುತ್ತಿದ್ದುದು. ಒಮ್ಮೆ ಕೊಟ್ಟಿಗೆಯ ಬಾಗಿಲಿಗೆ ಹಸಿರು ಬಣ್ಣ ತನ್ನಿ ಎಂದು ಕಳಿಸಿದರೆ ಕಂದು ಬಣ್ಣ ತಂದು ಬಳಿದೂ ಬಿಟ್ಟಿದ್ದರು. ಮನೆಯವರೆಲ್ಲ ತಲೆ ಚಚ್ಚಿಕೊಳ್ಳುವಾಗ, 'ಸರಿಯಾಗೇ ಇದ್ಯಲ' ಎಂದವನು ನಾನೊಬ್ಬನೇ. ಸೋದರಮಾವನ ಮಂಕು ಅಳಿಯನಿಗೂ ಬಂದಿದೆ ಎಂದು ಅಪ್ಪಯ್ಯ ಅಂದೇ ತೀರ್ಪು ಕೊಟ್ಟಿದ್ದರು.

ಒಬ್ಬನೇ ಹಾರಲು ಬಿಡುವ ಮೊದಲು ವೈದ್ಯಕೀಯ ಪರೀಕ್ಷೆಯಾಗಬೇಕು. ಅದಕ್ಕೆಂದೇ ಗೊತ್ತುಮಾಡಿದ ಡಾಕ್ಟರು ದೊಡ್ಡ ಊರಿನಲ್ಲಿ ಇದ್ದರು. ನನ್ನ ಇಳಿಸುವಿಕೆ ಮೂಟೆಯ ಹಂತ ದಾಟಿ, ಸಾರ್ ಸೊಂಟ ಹಿಡಿದುಕೊಳ್ಳುವುದನ್ನು ನಿಲ್ಲಿಸಿದ್ದ ಸಮಯ. 'ಬೇಗ ಮೆಡಿಕಲ್ ಮುಗಿಸಿ. ನಾನು ಇಳಿಯೋ ಕಾಲ ಬಂತು' ಎಂದಿದ್ದರು. ಕುಣಿಯುತ್ತ ಹೋದೆ. ಡಾಕ್ಟರು ಎದೆ ತಟ್ಟಿ, ಕಿವಿ ಇಣುಕಿ, ನಾಲಗೆ ಚಾಚಿಸಿ, ಎಲ್ಲ ಸರಿಯಿದೆ ಎಂದು ಕೊನೆಗೆ ಬಣ್ಣಬಣ್ಣದ ಚುಕ್ಕಿಗಳ ಒಂದು ಪುಸ್ತಕ ತೆರೆದರು.

'ಏನು ಕಾಣುತ್ತೆ?'

'ಚುಕ್ಕಿ.'

'ಚುಕ್ಕಿ ಒಳಗೆ ಯಾವ ನಂಬರ್ ಇದೆ?'

ನಂಬರ್ ಎಲ್ಲಿದೆ ಎಂದು ನಾನು ಪುಟಕ್ಕೆ ಮೂಗು ತಾಗಿಸಿದೆ. ಪುಟ ತಿರುಗಿಸಿದರು. ಅಲ್ಲೂ ಚುಕ್ಕಿ. ಗಾಬರಿಯಾಯಿತು. ಆಗ ನನಗೆ ತಿಳಿಯದೆಯೇ ನನ್ನ ಹೆಬ್ಬೆರಳೂ ತೋರುಬೆರಳೂ ಮುಂದೆ ಹೋಗಿ ಆ ಚುಕ್ಕಿಗಳನ್ನು ಒಂದೊಂದಾಗಿ ಒತ್ತಿ ನೋಡತೊಡಗಿದವು.

'ಏನ್ರೀ ಮಾಡ್ತಿದ್ದೀರಿ?' ಎಂದರು ಡಾಕ್ಟರು.

'ಹಣ್ಣಾಗಿದೆಯಾ ಅಂತ ನೋಡ್ತಿದ್ದೆ ಸಾರ್' ಎಂದುಬಿಟ್ಟೆ.

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತರು. ಹುಟ್ಟಿನಿಂದಲೇ ನನ್ನ ಕಣ್ಣು ಕೆಂಪನ್ನೂ ಹಸಿರನ್ನೂ ಬೇರೆ ಮಾಡಿ ನೋಡಲಾರದು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದು, ಔಷಧಿ ಇಲ್ಲ, ತೊಂದರೆಯೂ ಇಲ್ಲ, ಆದರೆ ವಿಮಾನ ಮಾತ್ರ ಆಗದು ಎಂದರು. ರೇಡಿಯೋ ಕೆಟ್ಟರೆ ಕೆಳಗಿನಿಂದ ದೀಪ ತೋರಿಸುತ್ತಾರಂತೆ. ಹಸಿರಾದರೆ ಇಳಿ, ಕೆಂಪಾದರೆ ಇಳಿಯಬೇಡ. ಆ ದೀಪವನ್ನು ಒತ್ತಿ ನೋಡಲಾಗುವುದಿಲ್ಲವಲ್ಲ. ಇಷ್ಟು ವರ್ಷ ಗೊತ್ತೇ ಆಗಲಿಲ್ಲವೇ ಎಂದು ಅವರಿಗೆ ಆಶ್ಚರ್ಯ. ಕೊಪ್ಪದಲ್ಲಿ ಸಿಗ್ನಲ್ ದೀಪವೇ ಇಲ್ಲ ಎಂದೆ. 'ತಾಯಿ ಕಡೆ ಸೋದರಮಾವ ಯಾರಾದರೂ ಹೀಗೇ ಇದ್ದಾರಾ?' ಎಂದು ಕೇಳಿದರು. ನನಗೆ ಕೊಟ್ಟಿಗೆಯ ಬಾಗಿಲು ನೆನಪಾಯಿತು.

ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬಸ್ಸು ಬದಲಿಸಿ ನರಸಿಂಹರಾಜಪುರದಲ್ಲಿ ಇಳಿದು ಸೀತೂರಿಗೆ ಹೋದೆ. ಮಾವ ಅಂಗಳದಲ್ಲಿ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಮಸೆಯುತ್ತಲೇ ಕೇಳಿಸಿಕೊಂಡರು. ಆಮೇಲೆ ಕೈ ನಿಂತಿತು.

'ಅಂದ್ರೆ ನಾನು ಮಂಕ ಅಲ್ಲ?'

'ಅಲ್ಲ ಮಾವ. ಕಣ್ಣು ಅಷ್ಟೆ.'

'ಡಾಕ್ಟ್ರೇ ಹೇಳಿದ್ರ?'

'ಅವ್ರೇ ಹೇಳಿದ್ರು.'

'ದೊಡ್ಡ ಡಾಕ್ಟ್ರ?'

'ವಿಮಾನದ ಡಾಕ್ಟ್ರು ಮಾವ.'

ಮಾವ ಎದ್ದು ನಿಂತರು. ಅರವತ್ತು ದಾಟಿದ ಮನುಷ್ಯ, ಯಾರಿಗೂ ದನಿ ಏರಿಸಿದವರಲ್ಲ. ಒಳಗಿದ್ದ ತಮ್ಮನ ಹೆಂಡತಿಗೆ ಕೇಳುವಂತೆ ಕೂಗಿದರು. 'ಏ ಲಲಿತಾ, ಕೇಳ್ತನ? ನಂದು ಕಣ್ಣಂತೆ! ತಲೆ ಅಲ್ವಂತೆ!' ಆಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಅಂಗಡಿಯವರೆಗೆ ಹೋಗಿ, ಅಲ್ಲಿ ಕೂತವರಿಗೆಲ್ಲ ವಿಮಾನದ ಡಾಕ್ಟರ ತೀರ್ಪನ್ನು ತಿಳಿಸಿ ಬಂದರು. ಯಾರೂ ನಂಬಲಿಲ್ಲವಂತೆ. ಅದರಿಂದ ಅವರಿಗೆ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ.

ನಾನು ಜಗಲಿಯಲ್ಲಿ ಹಾಗೇ ಕೂತಿದ್ದೆ. ಅವರು ಬಂದು ಮುಖ ನೋಡಿ, 'ನಿಂಗೆ ಬೇಜಾರಾಯ್ತನ?' ಎಂದಾಗ ನನಗೆ ತಡೆಯಲಾಗಲಿಲ್ಲ. ಮೀಸೆ ಹೊತ್ತ ಗಂಡಸು ಎಂಬುದನ್ನೂ ಮರೆತು ಅತ್ತುಬಿಟ್ಟೆ. ಅಷ್ಟು ಹತ್ತಿರ ಬಂದಿತ್ತು ಆ ಒಂದು ಸುತ್ತು. ಮಾವ ಸಮಾಧಾನದ ದೊಡ್ಡ ಮಾತೇನೂ ಆಡಲಿಲ್ಲ. 'ಅಳ್ಬೇಡ ಮಾರಾಯ. ಮೇಲೆ ಹೋಗಿ ನೋಡ್ಕಂಡಾದ್ರೂ ಬಂದಿದೀಯಲ. ಎಂತ ಕಾಣ್ತು ಹೇಳು' ಎಂದರು. ನಾನು ಗದ್ದೆ, ಕೆರೆ, ಮಣ್ಣಿನ ದಾರಿ, ಬೆಳಗಿನ ಬಿಸಿಲಲ್ಲಿ ಅವು ಕಂಡ ಬಣ್ಣ ಎಲ್ಲ ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳಿದರು. ಸುಮಿತ್ರಳಿಗೆ ಇದನ್ನೇ ಹೇಳಿದಾಗ, 'ಅದೆಂಥ ಬಣ್ಣ?' ಎಂದು ಅವಳು ನಡುವೆ ಕೇಳಿದ್ದಳು. ಮಾವ ಒಮ್ಮೆಯೂ ಕೇಳಲಿಲ್ಲ.

ಸುದ್ದಿ ತಿಳಿಸಲು ಹೋದಾಗ ಸಾರ್ ಮೀಸೆ ತೀಡಿಕೊಂಡರು. 'ಒಬ್ಬರನ್ನೇ ಬಿಡೋಕೆ ನನ್ನ ಕೈಲಿ ಆಗಲ್ಲ. ಇನ್ನೊಂದು ಸಲ ಜೊತೆಗೆ ಹೋಗಿ ಬರೋಣ, ಪೂರ್ತಿ ನೀವೇ ಹಾರಿಸಿ. ನಾನು ಬಾಯಿ ಬಿಡಲ್ಲ' ಎಂದರು. ಅವರಿಗೆ ಅದೆಷ್ಟು ಕಷ್ಟದ ವಚನ ಎಂದು ನನಗೆ ಗೊತ್ತಿತ್ತು. ನಾನು ಕೂರುವ ಸೀಟನ್ನು ನನ್ನ ಮಾವನಿಗೆ ಕೊಡಬಹುದೇ ಎಂದು ಕೇಳಿದೆ.

ಹೀಗೆ ಸೀತೂರಿನ ಸೀನ ಮಾವ ವಿಮಾನ ಹತ್ತಿದರು. ದಾರಿಯ ತಿರುವುಗಳಲ್ಲಿ ಬಸ್ಸಿನಲ್ಲೇ ವಾಂತಿ ಮಾಡಿಕೊಂಡವರು, 'ಹೊಟ್ಟೆ ಖಾಲಿ ಆಯ್ತಲ, ಇನ್ನು ಹೆದರಿಕೆ ಇಲ್ಲ' ಎಂದು ಧೈರ್ಯ ತಂದುಕೊಂಡರು. ಮಂಗನ ಟೋಪಿ ತೆಗೆಯಲು ಒಪ್ಪದೆ ಅದರ ಮೇಲೆಯೇ ಹೆಡ್‌ಫೋನ್ ಹಾಕಿಸಿಕೊಂಡರು. ಚಪ್ಪಲಿ ಬಿಟ್ಟು, ವಿಮಾನದ ಮೂತಿಗೆ ಕೈಮುಗಿದು ಕೂತರು. ಚಕ್ರಕ್ಕೆ ಒತ್ತಿಟ್ಟ ಕಟ್ಟಿಗೆ ತೆಗೆದವನು ನಾನು. ಧೂಳೆಬ್ಬಿಸಿಕೊಂಡು ಓಡಿ, ಅದು ನೆಲ ಬಿಟ್ಟಾಗ ನಾನು ಎರಡು ಕೈಯನ್ನೂ ಬೀಸುತ್ತಿದ್ದೆ. ಅವರ ಚಪ್ಪಲಿಯೂ ನಾನೂ ಕೆಳಗೆ ಉಳಿದೆವು.

ಇಳಿದ ಮೇಲೆ ಮಾವ ಸ್ವಲ್ಪ ಹೊತ್ತು ನೆಲವನ್ನು ಕಾಲಲ್ಲಿ ಒತ್ತಿ ನೋಡುತ್ತಾ ನಿಂತರು. ಸಾರ್ ಆಚೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

'ಆ ಸಾರ್ ಮೇಲೆ ಹೋದಾಗಿಂದ ಅಲ್ಲಿ ಹಸ್ರು ನೋಡಿ, ಇಲ್ಲಿ ಕೆಮ್ಮಣ್ಣು ನೋಡಿ ಅಂತ ಕೈ ತೋರಿಸ್ತಾ ಇದ್ರು. ಪಾಪ, ಬೇಜಾರಾಗ್ತದೆ ಅಂತ ಹೂಂ ಅಂದೆ. ನಂಗೆ ಎಲ್ಲ ಒಂದೇ ಥರ ಕಾಣ್ತು. ಭಾಳ ಚಂದ ಕಾಣ್ತು. ನಿಂಗೂ ಹಂಗೇ ಅಲ್ಲನ?'

'ನಂಗೂ ಹಂಗೇ ಮಾವ.'

'ಹಂಗಾರೆ ಸರಿ' ಎಂದು ಚಪ್ಪಲಿ ಮೆಟ್ಟಿಕೊಂಡರು.

ಆಮೇಲಿನ ಕೊಯ್ಲುಗಳಲ್ಲಿ ಅಪ್ಪಯ್ಯ ನಮ್ಮಿಬ್ಬರಿಗೂ ಒಂದೇ ಸಾಲು ಕೊಡುತ್ತಿದ್ದರು, ಬೈಯುತ್ತಲೂ ಇದ್ದರು. ಬೈಗುಳ ಮಾತ್ರ ತಲೆಯಿಂದ ಕಣ್ಣಿಗೆ ಬಡ್ತಿ ಪಡೆದಿತ್ತು. ನಾವು ಒತ್ತಿ ನೋಡುತ್ತಾ, ನಿಧಾನವಾಗಿ, ಎಲ್ಲರಿಗಿಂತ ಹಿಂದೆ ಉಳಿದು ಹರಟೆ ಹೊಡೆಯುತ್ತಿದ್ದೆವು. ಬೇರೆಯವರ ಕಣ್ಣಿಗೆ ಬೀಳುವ ಈ ಕೆಂಪು ಎಂಬುದು ಹೇಗಿರಬಹುದು ಎಂಬುದು ನಮ್ಮ ಮುಗಿಯದ ಚರ್ಚೆ. 'ಇದ್ರೆ ಇರ್ಲಿ ಬಿಡು, ನಮಗೆಂತ ಕಡಿಮೆ ಆಗಿದೆ' ಎಂದು ಮಾವ ಮುಗಿಸುತ್ತಿದ್ದರು.

ಮಾವ ಹೋಗಿ ಕೆಲವು ವರ್ಷಗಳಾದವು. ನಾನೀಗ ಜಗಲಿಯಿಂದ ಎದ್ದು ಅಂಗಳದ ತುದಿಗೆ ಬಂದು ನಿಂತಿದ್ದೇನೆ. ಎದುರಿನ ಗುಡ್ಡಕ್ಕೆ ಬಿಸಿಲು ಬಿದ್ದಿದೆ. ಸುಮಿತ್ರ ಹಿಂದಿನಿಂದ ಬಂದು, 'ನೋಡಿ, ಎಷ್ಟು ಹಸಿರಾಗಿದೆ' ಎಂದಳು. ಪಾಪ, ಬೇಜಾರಾಗಬಾರದು ಅಂತ ನಾನೂ ಹೂಂ ಎಂದೆ. ಆ ಗುಡ್ಡವನ್ನು ನನ್ನ ಹಾಗೇ ಕಾಣುತ್ತಿದ್ದ ಇನ್ನೊಂದು ಜೊತೆ ಕಣ್ಣು ನನಗೆ ಗೊತ್ತಿದ್ದ ಜನರಲ್ಲಿ ಒಬ್ಬರಿಗೇ ಇದ್ದದ್ದು. ಒಬ್ಬನೇ ಇರಬೇಕು, ಪಕ್ಕದಲ್ಲಿ ಯಾರೂ ಇರಬಾರದು ಎಂದು ಅಷ್ಟು ಹಂಬಲಿಸಿದವನಿಗೆ ಕಡೆಗೂ ಅದು ಸಿಕ್ಕಿದೆ, ಯಾವ ಪರೀಕ್ಷೆಯೂ ಇಲ್ಲದೆ. ನನಗೆ ಬೇಡವಾಗಿತ್ತು ಮಾರಾಯರೇ.